ಬಚ್ಚಲ ಗೋಡೆಗೆ ಟೈಲ್ಸ್ ಹಚ್ಚುವ ಮುಂಚೆ

ತುಂಗಭದ್ರಾ ಎಡದಂಡೆ ಕಾಲುವೆಯಿಂದ ಸಿಂಧನೂರು ಸೀಮೆ ಭತ್ತದ ನಾಡಾಯಿತು. ಜತೆಗೆ ಎಷ್ಟೋ ಕಡೆ ಜೌಗು, ಸವುಳೂ ಬಂದವು. ಸಾಲಗುಂದದಂಥ ಊರಲ್ಲಿ ಹಳೆ ಬಚ್ಚಲು ಹೊಸದು ಮಾಡಿಸುವವರು ಇದನ್ನು ಮರೆಯಬೇಡಿ. ಕರಿಮಣ್ಣು ಹಿಡಿದಿಟ್ಟ ತೇವ ಗೋಡೆಯ ಬುಡದಿಂದ ಏರುತ್ತದೆ, ಉಪ್ಪನ್ನೂ ಹೊತ್ತು ತರುತ್ತದೆ. ಆ ಬಿಳಿ ಉಪ್ಪಿನ ಮೇಲೆ ಎಂಥ ದುಬಾರಿ ಲೇಪವೂ ನಿಲ್ಲದು.

ಅದಕ್ಕೇ ಗೌಂಡಿಗೆ ಹೇಳಿ, ಸಡಿಲಾದ ಗಿಲಾವನ್ನು ಇಟ್ಟಿಗೆ, ಕಲ್ಲು ಕಾಣುವವರೆಗೂ ಕೆಡವಿಸಿ. ಉಪ್ಪನ್ನು ಒಣಗಿರುವಾಗಲೇ ತಂತಿ ಬ್ರಶ್‌ನಿಂದ ತಿಕ್ಕಿ ತೆಗೆಸಿ. ನೀರು ಸುರಿದರೆ ಕರಗಿ ಮತ್ತೆ ಒಳಗೇ ಸೇರುತ್ತದೆ. ಸಂದು ಕೆದರಿಸಿ, ತೊಳೆದ ಉಸುಕಿನಲ್ಲಿ 1:4 ಸಿಮೆಂಟ್ ಗಿಲಾವು ಮಾಡಿಸಿ, 7 ದಿನ ತಪ್ಪದೆ ನೀರುಣಿಸಿ. ಪಿಒಪಿ ಬಚ್ಚಲಿಗೆ ಬೇಡವೇ ಬೇಡ. ಗೋಡೆ ನೆಲ ಕೂಡುವ ಮೂಲೆ ದುಂಡಗಾದ ಮೇಲೆ ವಾಟರ್‌ಪ್ರೂಫ್ ಲೇಪ ಎರಡು ಕೋಟ್, ಒಂದು ಅಡ್ಡ, ಇನ್ನೊಂದು ಉದ್ದ. ಶವರ್ ಬದಿಗೆ ಆಳೆತ್ತರ ದಾಟಲಿ.

ಲೇಪ ಪೂರ್ತಿ ಒಣಗಿದಾಗ ಪೈಪು ಮುಚ್ಚಿ, ನೆಲದ ಮೇಲೆ 24 ತಾಸು ನೀರು ನಿಲ್ಲಿಸಿ ನೋಡಿ. ಆಮೇಲೆ ಟೈಲ್ಸ್.

ಬುಡದ ತೇವಕ್ಕೆ ಒಳಗಿನ ಲೇಪವೊಂದೇ ಸಾಲದು. ಹೊರಗೆ ಗೋಡೆಗೆ ತಾಗಿ ನಿಲ್ಲುವ ನೀರನ್ನು ದಯವಿಟ್ಟು ಮೊದಲು ದೂರ ಹರಿಸಿ.