ಹಾಲು ಬೇಗ ತಂಪಾಗ್ತಿಲ್ವಾ? ಮೊದಲು ಚಿಲ್ಲರ್‌ನ ಕಂಡೆನ್ಸರ್ ನೋಡಿ

ಕರೆದ ಹಾಲು 35-37 ಡಿಗ್ರಿ ಬಿಸಿ ಇರುತ್ತೆ. ಅದನ್ನು ಆದಷ್ಟು ಬೇಗ 4 ಡಿಗ್ರಿಗೆ ಇಳಿಸಬೇಕು. ತಡವಾದಷ್ಟೂ ಬ್ಯಾಕ್ಟೀರಿಯಾ ಹೆಚ್ಚಿ ಹಾಲು ಹುಳಿಯಾಗುತ್ತೆ. ಡೇರಿಯವರು ವಾಪಸ್ ಕಳಿಸಿದರೆ ಇಡೀ ದಿನದ ದುಡಿಮೆ ಚರಂಡಿಗೆ. ಸಂಘದ ಬಿಎಂಸಿ ಇರಲಿ, ನಿಮ್ಮದೇ ಫಾರ್ಮಿನ ಚಿಲ್ಲರ್ ಇರಲಿ, ಅದರ ಕೆಲಸ ಒಂದೇ: ಹಾಲಿನ ಬಿಸಿಯನ್ನು ಎತ್ತಿಕೊಂಡು ಹೋಗಿ ಹೊರಗಿನ ಗಾಳಿಗೆ ಬಿಡೋದು.

ಹೇಗೆ ಅಂತೀರಾ? ಬೆವರು ಆರುವಾಗ ಮೈ ತಂಪಾಗುತ್ತಲ್ಲ, ಅದೇ ಸೂತ್ರ. ದ್ರವ ಆವಿಯಾಗಬೇಕಾದರೆ ಪಕ್ಕದಿಂದ ಬಿಸಿ ಹೀರಿಕೊಳ್ಳುತ್ತೆ. ಹಳೆಯ ಮಷಿನ್‌ಗಳಲ್ಲಿರೋ ಆರ್-22 ಗ್ಯಾಸು ಮಾಮೂಲಿ ಒತ್ತಡದಲ್ಲಿ ಮೈನಸ್ 41 ಡಿಗ್ರಿ ಹತ್ತಿರವೇ ಕುದಿಯುತ್ತೆ. ಟ್ಯಾಂಕಿನ ತಳದಲ್ಲಿ ಇಂಥ ಗ್ಯಾಸು ಕುದಿದು ಆವಿಯಾಗುತ್ತಾ ಹಾಲಿನ ಬಿಸಿ ಎಳೆದುಕೊಳ್ಳುತ್ತೆ. ಆ ಆವಿಯನ್ನು ಕಂಪ್ರೆಸರ್ ಒತ್ತುತ್ತೆ. ಸೈಕಲ್ಲಿಗೆ ಗಾಳಿ ಹೊಡೆದಾಗ ಪಂಪು ಬಿಸಿಯಾಗುವ ಹಾಗೆ ಗ್ಯಾಸೂ ಬಿಸಿಯಾಗುತ್ತೆ. ಆಮೇಲೆ ಕಂಡೆನ್ಸರ್, ಅಂದ್ರೆ ಫ್ಯಾನ್ ಹಿಂದಿನ ಜಾಲರಿ. ಅಲ್ಲಿ ಬಿಸಿ ಗಾಳಿಗೆ ಹೋಗಿ ಗ್ಯಾಸು ಮತ್ತೆ ದ್ರವ. ಎಕ್ಸ್‌ಪಾನ್ಶನ್ ವಾಲ್ವ್ ದಾಟಿದಾಗ ಒತ್ತಡ ಇಳಿದು, ತಣ್ಣಗಾಗಿ ಟ್ಯಾಂಕಿಗೆ ವಾಪಸ್.

500 ಲೀಟರ್ ಹಾಲು ತಂಪು ಮಾಡಿದರೆ ಸುಮಾರು 17 ಯೂನಿಟ್ ಕರೆಂಟಿಗೆ ಸಮನಾದ ಬಿಸಿ ಹೊರಗೆ ಹೋಗಬೇಕು. ಕಂಪ್ರೆಸರ್ ತಿಂದ ಕರೆಂಟಿನ ಬಿಸಿಯೂ ಅದಕ್ಕೆ ಸೇರುತ್ತೆ. ಅಷ್ಟಕ್ಕೂ ದಾರಿ ಆ ಜಾಲರಿ ಒಂದೇ. ಬಿಸಿ ಬಿಡಬೇಕಾದರೆ ಗ್ಯಾಸು ಹೊರಗಿನ ಗಾಳಿಗಿಂತ 10-15 ಡಿಗ್ರಿಯಾದರೂ ಹೆಚ್ಚು ಬಿಸಿ ಇರಬೇಕು. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿ ಕಡೆ 40 ಡಿಗ್ರಿ ದಾಟಿದಾಗ ಕಂಪ್ರೆಸರ್ ಎಷ್ಟು ಒದ್ದಾಡುತ್ತೆ ಲೆಕ್ಕ ಹಾಕಿ. ಅದರ ಮೇಲೆ ಜಾಲರಿಗೆ ಹಿಂಡಿಯ ಧೂಳು, ಹೊಟ್ಟು ಮೆತ್ತಿಕೊಂಡಿದ್ದರೆ ಮಧ್ಯಾಹ್ನ ಮಷಿನ್ ತಾನಾಗೇ ಆಫ್ ಆಗುತ್ತೆ. ಅದು ಒತ್ತಡ ಮಿತಿ ಮೀರಿದಾಗ ಕೆಲಸ ಮಾಡೋ ಸುರಕ್ಷತಾ ಸ್ವಿಚ್. ದಯವಿಟ್ಟು ಅದನ್ನು ವೈರ್ ಹಾಕಿ ಬೈಪಾಸ್ ಮಾಡಬೇಡಿ.

ಮಷಿನ್ ಓಡುವಾಗ ಫ್ಯಾನಿನ ಗಾಳಿಗೆ ಕೈ ಹಿಡಿದು ನೋಡಿ. ಗಾಳಿ ಜೋರಾಗಿ, ಬೆಚ್ಚಗೆ ಬರಬೇಕು. ಸಣ್ಣಗೆ ಬಂದು ತುಂಬಾ ಸುಡುತ್ತಿದ್ದರೆ ಜಾಲರಿ ಕಟ್ಟಿದೆ. ಜೋರಾಗಿದ್ದೂ ಬೆಚ್ಚಗಿಲ್ಲದಿದ್ದರೆ ಗ್ಯಾಸೋ ಕಂಪ್ರೆಸರೋ ಕೈಕೊಟ್ಟಿರಬಹುದು, ಮೆಕ್ಯಾನಿಕ್ ಕರೆಸಿ. ಅವರು 'ಗ್ಯಾಸ್ ಖಾಲಿ, ತುಂಬಿಸ್ತೀನಿ' ಅಂದ್ರೆ ಲೀಕ್ ಎಲ್ಲಿ ಅಂತ ಕೇಳಿ. ಗ್ಯಾಸು ಡೀಸೆಲ್ ಥರ ಖರ್ಚಾಗೋ ವಸ್ತು ಅಲ್ಲ, ಕಡಿಮೆಯಾಗಿದೆ ಅಂದ್ರೆ ಎಲ್ಲೋ ಸೋರುತ್ತಿದೆ.

ಜಾಲರಿ ಸ್ವಚ್ಛ ಮಾಡುವಾಗ ಮೇನ್ ಸ್ವಿಚ್ ತೆಗೆದು, ಮೆತ್ತನೆ ಬ್ರಷ್‌ನಿಂದ ರೆಕ್ಕೆಗಳ ಉದ್ದಕ್ಕೇ ಉಜ್ಜಿ. ಅಡ್ಡ ಉಜ್ಜಿದರೆ ಅವು ಮಡಚಿಕೊಳ್ಳುತ್ತವೆ. ನೆರಳಿಗೆ ಮೇಲೆ ಚಪ್ಪರ ಹಾಕಿ, ಸುತ್ತ ಶೀಟ್ ಮುಚ್ಚಬೇಡಿ. ಮೇವಿನ ಚೀಲಗಳನ್ನೂ ಅಲ್ಲಿಂದ ಎತ್ತಿಡಿ.