ಎದೆಯ ಕವಾಟ, ಮನೆಯ ಬಸ್ಸಾರು

ಹೃದಯದಲ್ಲಿ ನಾಲ್ಕು ಕವಾಟಗಳಿವೆ. ರಕ್ತವನ್ನು ಮುಂದಕ್ಕೆ ಬಿಡುವುದು, ಹಿಂದಕ್ಕೆ ಬಾರದಂತೆ ತಡೆಯುವುದು, ಇಷ್ಟೇ ಅವುಗಳ ಕೆಲಸ. ಕೆಡುವುದು ಹೆಚ್ಚಾಗಿ ಎಡಭಾಗದ ಎರಡು: ಮೈಟ್ರಲ್ ಮತ್ತು ಅಯೋರ್ಟಿಕ್. ವಯಸ್ಸಾದವರಲ್ಲಿ ಕವಾಟಕ್ಕೆ ಸುಣ್ಣದಂಶ ಸೇರಿ ಅದು ಬಿರುಸಾಗುತ್ತದೆ. ಅವರಿಗಿಂತ ಚಿಕ್ಕವರಲ್ಲಿ ರೋಗದ ಬೇರು ಬಹಳ ಸಲ ಶಾಲೆಯ ವಯಸ್ಸಿನಲ್ಲಿರುತ್ತದೆ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಮಗುವಿಗೆ ಗಂಟಲು ನೋವು ಬಂದು ಹೋಗುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಜ್ವರ, ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವ ನೋವು. ಇದು ರುಮಾಟಿಕ್ ಜ್ವರ. ಬ್ಯಾಕ್ಟೀರಿಯಾದ ವಿರುದ್ಧ ಎದ್ದ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕವಾಟದ ಮೇಲೂ ತಿರುಗಿಬೀಳುತ್ತದೆ. ಕೀಲು ನೋವು ವಾಸಿಯಾಗುತ್ತದೆ, ಕವಾಟಕ್ಕಾದ ಗಾಯ ಉಳಿಯುತ್ತದೆ. ಮೂರು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದು ಆ ಗಾಯ ಹೆಚ್ಚದಂತೆ ತಡೆಯಬಲ್ಲದು. ಆದರೆ ಮಗು ಓಡಾಡಿಕೊಂಡಿದೆ ಎಂದು ಅದನ್ನು ನಡುವೆ ನಿಲ್ಲಿಸುವವರಿದ್ದಾರೆ.

ರೋಗ ಮೆಲ್ಲಗೆ ಬೆಳೆಯುವುದರಿಂದ ರೋಗಿ ತನಗೇ ಗೊತ್ತಿಲ್ಲದೆ ಬದುಕನ್ನು ಕುಗ್ಗಿಸಿಕೊಳ್ಳುತ್ತಾನೆ. ಮೇಲುಕೋಟೆಯ ಯೋಗಾನರಸಿಂಹನ ಬೆಟ್ಟವನ್ನು ನಿಲ್ಲದೆ ಹತ್ತುತ್ತಿದ್ದವನು ನಡುವೆ ಮೂರು ಕಡೆ ಕೂರುತ್ತಾನೆ, ಮುಂದಿನ ವರ್ಷ ಕೆಳಗೇ ಕೈಮುಗಿಯುತ್ತಾನೆ. ಕಬ್ಬಿನ ಗದ್ದೆಯ ಕೆಲಸ ಬಿಟ್ಟು ಹಸು ನೋಡಿಕೊಂಡು ಮನೆಯಲ್ಲಿರುತ್ತೇನೆ ಎನ್ನುವ ಹೆಣ್ಣುಮಗಳ ಮಾತಿನ ಹಿಂದೆಯೂ ಇದೇ ಇರಬಹುದು. ಮಲಗಿದರೆ ಉಸಿರು ಕಟ್ಟುತ್ತದೆ, ತಲೆಗೆ ದಿಂಬಿನ ಮೇಲೆ ದಿಂಬು ಬೇಕಾಗುತ್ತದೆ, ಸಂಜೆಗೆ ಪಾದ ಊದಿಕೊಳ್ಳುತ್ತದೆ. ಇವನ್ನೆಲ್ಲ ಗ್ಯಾಸ್ಟ್ರಿಕ್ ಎಂದೋ ರಕ್ತ ಕಡಿಮೆ ಎಂದೋ ತಿಂಗಳುಗಟ್ಟಲೆ ಮುಂದೂಡಲಾಗುತ್ತದೆ. ಹಲವು ಹೆಂಗಸರಲ್ಲಿ ಕಾಯಿಲೆ ಮೊದಲು ಬಯಲಾಗುವುದು ಗರ್ಭಿಣಿಯಾದಾಗ. ಆಗ ದೇಹದಲ್ಲಿ ರಕ್ತದ ಪ್ರಮಾಣ ಏರಿ, ಕಿರಿದಾದ ಕವಾಟ ತಾಳಲಾರದು. ಅನುಮಾನ ಬಗೆಹರಿಸುವುದು ಹೃದಯದ ಸ್ಕ್ಯಾನ್ ಆದ ಎಕೋ ಪರೀಕ್ಷೆ.

ಎಕೋದಲ್ಲಿ ದೋಷ ಕಂಡ ಮಾತ್ರಕ್ಕೆ ಎದೆ ತೆರೆಯಬೇಕೆಂದಿಲ್ಲ. ಮೈಟ್ರಲ್ ಕವಾಟ ಕಿರಿದಾಗಿದ್ದು ಇನ್ನೂ ಮೃದುವಾಗಿದ್ದರೆ ತೊಡೆಯ ರಕ್ತನಾಳದ ಮೂಲಕ ಬಲೂನ್ ಕಳಿಸಿ ಹಿಗ್ಗಿಸಬಹುದು. ಜಪಾನಿನ ಇನೋವೆ ರೂಪಿಸಿದ ಈ ವಿಧಾನದಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ದೊಡ್ಡ ಹೆಸರು ಮಾಡಿದೆ. ಅದೇ ಸಂಸ್ಥೆಯ ಮೈಸೂರು ಆಸ್ಪತ್ರೆ ಕೆ.ಆರ್.ಎಸ್. ರಸ್ತೆಯಲ್ಲಿದ್ದು, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆಯವರಿಗೆ ಹತ್ತಿರದ್ದು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕಡೆಯವರಿಗೆ ಬೆಂಗಳೂರಿನ ಹೆದ್ದಾರಿಯೇ ಅನುಕೂಲ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡಿನಲ್ಲಿರುವ ಹೆಸರು ಆಧಾರ್‌ಗೆ ಹೊಂದುತ್ತದೆಯೇ ಎಂದು ಊರಲ್ಲೇ ನೋಡಿಕೊಂಡು ಹೊರಡುವುದು ಜಾಣತನ. ಕಾಗದದ ಕೊರತೆಗೆ ಮುಂದೆ ಹೋದ ಆಪರೇಷನ್‌ಗಳೂ ಇವೆ.

ಬಲೂನಿಗಾಗಲಿ ರಿಪೇರಿಗಾಗಲಿ ಬಗ್ಗದ ಕವಾಟವನ್ನು ಬದಲಿಸಬೇಕು. ಇಲ್ಲಿ ರೋಗಿಯ ಮುಂದೆ ನಿಜವಾದ ಆಯ್ಕೆಯೊಂದು ಬರುತ್ತದೆ, ಹೆಚ್ಚಿನವರು ಅದನ್ನು ಸಹಿ ಹಾಕುವ ಕಾಗದದಂತೆ ದಾಟಿಸಿಬಿಡುತ್ತಾರೆ. ಕೃತಕ ಕವಾಟ ಎರಡು ಬಗೆ. ಲೋಹ, ಇಂಗಾಲ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನಿಂದ ಮಾಡಿದ್ದು ಒಂದು, ರೂಢಿಯ ಮಾತಿನಲ್ಲಿ ಲೋಹದ ಕವಾಟ. ಹಸು ಅಥವಾ ಹಂದಿಯ ಅಂಗಾಂಶದ್ದು ಇನ್ನೊಂದು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಸಂಗಡಿಗರು ರೂಪಿಸಿದ, 1990ರ ಡಿಸೆಂಬರ್‌ನಲ್ಲಿ ಮೊದಲು ರೋಗಿಯೊಬ್ಬರಿಗೆ ಅಳವಡಿಸಿದ ಚಿತ್ರಾ ಕವಾಟ ಮೊದಲ ಬಗೆಯದು. ಆಮದು ಕವಾಟ ಕೈಗೆಟುಕದಿದ್ದವರಿಗೆ ದಾರಿ ಮಾಡಿಕೊಟ್ಟದ್ದು ಇದು. ಮೊದಲ ಬಗೆಯ ಕವಾಟ ಸವೆಯುವುದಿಲ್ಲ ಎನ್ನಬಹುದು, ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಬದುಕಿರುವವರೆಗೂ ಮಾತ್ರೆ ಬೇಕು. ಅಂಗಾಂಶದ ಕವಾಟಕ್ಕೆ ಆ ಮಾತ್ರೆ ಬಹುಪಾಲು ಮೊದಲ ಕೆಲವು ತಿಂಗಳು ಸಾಕು, ಆದರೆ ಅದು ಹತ್ತು ಹದಿನೈದು ವರ್ಷಕ್ಕೆ ಸವೆಯುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಇನ್ನೂ ಬೇಗ. ಆಗ ಮತ್ತೊಮ್ಮೆ ಆಪರೇಷನ್. ವಯಸ್ಸಿನ ಲೆಕ್ಕವನ್ನು ವೈದ್ಯರು ಹೇಳುತ್ತಾರೆ. ಮನೆಯಿಂದ ರಕ್ತಪರೀಕ್ಷೆಯ ಲ್ಯಾಬಿಗೆ ಎಷ್ಟು ದೂರ, ಮಾತ್ರೆ ತಪ್ಪದಂತೆ ನೋಡಿಕೊಳ್ಳುವವರು ಯಾರಿದ್ದಾರೆ, ಕುಡುಗೋಲು ಮಚ್ಚು ಹಿಡಿಯುವ ಕೆಲಸವೇ, ಇವನ್ನು ರೋಗಿಯೇ ಬಾಯಿಬಿಟ್ಟು ಹೇಳಬೇಕು. ಆಯ್ಕೆಯಲ್ಲಿ ಇವಕ್ಕೆ ವಯಸ್ಸಿನಷ್ಟೇ ತೂಕವಿದೆ.

ಶಸ್ತ್ರಚಿಕಿತ್ಸೆಗೆ ಮುಂಚೆ ಹುಳುಕು ಹಲ್ಲು ಕೀಳಿಸುತ್ತಾರೆ. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕಿಳಿದು ಹೊಸ ಕವಾಟದಲ್ಲಿ ಮನೆ ಮಾಡಿದರೆ ಅದನ್ನು ಓಡಿಸುವುದು ಬಹಳ ಕಷ್ಟ. ರಕ್ತ ಕೊಡುವ ನೆಂಟರನ್ನು ಮೊದಲೇ ಒಪ್ಪಿಸಿರಬೇಕು. ಆಪರೇಷನ್ ದಿನ ಎದೆಗೂಡಿನ ನಡುಮೂಳೆಯನ್ನು ಸೀಳಿ, ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಯಂತ್ರಕ್ಕೆ ವಹಿಸಿ, ಹೃದಯವನ್ನು ನಿಲ್ಲಿಸಿ, ಕೆಟ್ಟ ಕವಾಟ ಕತ್ತರಿಸಿ ಹೊಸದನ್ನು ಹೊಲಿಯುತ್ತಾರೆ. ರೋಗಿಗೆ ಇದ್ಯಾವುದೂ ಗೊತ್ತಾಗದು. ಗೊತ್ತಾಗುವುದು ಐಸಿಯುನಲ್ಲಿ ಎಚ್ಚರವಾದಾಗ: ಗಂಟಲಲ್ಲಿ ಕೊಳವೆ, ಕೈಗೆ ಕಟ್ಟು, ಮಾತು ಹೊರಡದು. ಕೊಳವೆ ತೆಗೆಯುವವರೆಗೆ ಮಾತು ಬರುವುದಿಲ್ಲ ಎಂಬುದನ್ನು ಯಾರಾದರೂ ಮೊದಲೇ ಹೇಳಿದ್ದರೆ ಆ ಗಾಬರಿ ಅರ್ಧ ಇಳಿಯುತ್ತದೆ. ಮರುದಿನದಿಂದ ಮೂರು ಚೆಂಡಿನ ಉಸಿರಾಟದ ಉಪಕರಣ, ಎದೆಗೆ ದಿಂಬು ಒತ್ತಿಕೊಂಡು ಕೆಮ್ಮುವುದು. ನೋವಾಗುತ್ತದೆಂದು ಕೆಮ್ಮದಿದ್ದರೆ ಕಫ ಉಳಿದು ನ್ಯುಮೋನಿಯಾ ಆಗಬಹುದು.

ಮನೆಗೆ ಬಂದ ಮೇಲೆ ಮೂಳೆ ಕೂಡುವವರೆಗೆ ತುಂಬಿದ ಬಿಂದಿಗೆ ಎತ್ತುವಂತಿಲ್ಲ, ಬೈಕ್ ಓಡಿಸುವಂತಿಲ್ಲ. ಗದ್ದೆ ಕೆಲಸಕ್ಕೆ ಸುಮಾರು ಮೂರು ತಿಂಗಳು ರಜೆ. ನಿದ್ದೆ ಕೆಡುವುದು, ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ, ಕೆಲವು ವಾರದಲ್ಲಿ ತಿಳಿಯಾಗುತ್ತದೆ. ಲೋಹದ ಕವಾಟದವರಿಗೆ ರಾತ್ರಿ ಊರು ಮಲಗಿದ ಮೇಲೆ ಎದೆಯೊಳಗೆ ಟಿಕ್ ಟಿಕ್ ಕೇಳುತ್ತದೆ. ಇದನ್ನು ಬರೆಯುತ್ತಿರುವವನ ಎದೆಯಲ್ಲೂ ಅದಿದೆ. ರೂಢಿಯಾದ ಮೇಲೆ ಅದು ಕೇಳಿಸುತ್ತಿರುವುದೇ ಸಮಾಧಾನ.

ಉಳಿದ ಬದುಕಿನ ಲೆಕ್ಕವಿರುವುದು ಒಂದು ಅಂಕಿಯಲ್ಲಿ. ಹೆಪ್ಪು ತಡೆಯುವ ವಾರ್ಫರಿನ್ ಅಥವಾ ಅಸಿಟ್ರಾಂ ಮಾತ್ರೆ ತಿನ್ನುವವರ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಐಎನ್‌ಆರ್ ಎಂದು ಅಳೆಯುತ್ತಾರೆ. ಮಾತ್ರೆ ತಿನ್ನದವರಲ್ಲಿ ಅದು 1ರ ಸುತ್ತ ಇರುತ್ತದೆ. ಲೋಹದ ಮೈಟ್ರಲ್ ಕವಾಟದವರಿಗೆ ಸಾಮಾನ್ಯವಾಗಿ 2.5ರಿಂದ 3.5ರೊಳಗೆ ಬೇಕು. ಕೆಳಗಿಳಿದರೆ ಕವಾಟಕ್ಕೆ ಹೆಪ್ಪು ಕಟ್ಟುತ್ತದೆ, ಮೇಲೇರಿದರೆ ರಕ್ತಸ್ರಾವ. ಐಎನ್‌ಆರ್ ನೋಡುವ ಅಗತ್ಯವಿಲ್ಲದ ಹೊಸ ಮಾತ್ರೆಗಳು ಬಂದಿವೆಯಾದರೂ ಲೋಹದ ಕವಾಟಕ್ಕೆ ಅವು ಸಲ್ಲವು.

ಈ ಅಂಕಿಯನ್ನು ಕದಲಿಸುವುದರಲ್ಲಿ ಸೊಪ್ಪು ಮುಖ್ಯ. ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಕೆಲಸಕ್ಕೆ ಎದುರಾಗುತ್ತದೆ. ಹಾಗೆಂದು ಆಪರೇಷನ್ ಆದವರ ತಟ್ಟೆಯಿಂದ ಸೊಪ್ಪನ್ನೇ ತೆಗೆಯುವುದು ನೆಂಟರ ವೈದ್ಯ. ಮುದ್ದೆ, ಬಸ್ಸಾರು, ಉಪ್ಪೆಸರಿನ ಸೀಮೆಯಲ್ಲಿ ಅದು ನಡೆಯುವ ಮಾತೂ ಅಲ್ಲ. ಬೇಕಾದದ್ದು ಪ್ರಮಾಣದ ಸಮತೆ: ವಾರಕ್ಕೆ ಎರಡು ಸಲ ತಿನ್ನುತ್ತಿದ್ದರೆ ಎಲ್ಲ ವಾರವೂ ಎರಡೇ ಸಲ, ಮಾತ್ರೆಯ ಅಳತೆಯನ್ನು ವೈದ್ಯರು ಅದಕ್ಕೆ ಹೊಂದಿಸುತ್ತಾರೆ. ವಿಟಮಿನ್ ಕೆ ನೀರಿನಲ್ಲಿ ಕರಗುವಂಥದ್ದಲ್ಲ; ಹೀಗಾಗಿ ಬಸಿದ ನೀರಿನ ಸಾರಿಗಿಂತ ಬೆಂದ ಸೊಪ್ಪಿನ ಪಲ್ಯದ ಮೇಲೆ ಕಣ್ಣಿರಬೇಕು. ತೊಂದರೆ ಬರುವುದು ಮಳೆ ಬಿದ್ದು ಹೊಲದ ಬದುಗಳಲ್ಲಿ ಸೊಪ್ಪು ಎದ್ದಾಗ: ಬೇಸಿಗೆಯಲ್ಲಿ ಕಾಳಿನ ಸಾರು ತಿಂದ ಮನೆ ದಿನವೂ ಸೊಪ್ಪು ಬೇಯಿಸುತ್ತದೆ, ಐಎನ್‌ಆರ್ ಇಳಿಯುತ್ತದೆ. ಆ ಹೊತ್ತಿಗೆ ಒಮ್ಮೆ ಹೆಚ್ಚಾಗಿ ರಕ್ತ ಪರೀಕ್ಷೆ ಮಾಡಿಸುವುದು ಲೇಸು, ಅದೂ ಪ್ರತಿ ಸಲ ಒಂದೇ ಲ್ಯಾಬಿನಲ್ಲಿ. ಆಂಟಿಬಯಾಟಿಕ್, ನಾಟಿ ಔಷಧಿ, ಹೆಂಡ ಕೂಡ ಅಂಕಿಯನ್ನು ಏರುಪೇರು ಮಾಡುತ್ತವೆ.

ಮೈಕೈ ನೋವೆಂದು ಊರಿನ ಕ್ಲಿನಿಕ್ಕಿಗೆ ಹೋದರೆ ಸೊಂಟಕ್ಕೊಂದು ಇಂಜೆಕ್ಷನ್, ನೋವಿನ ಮಾತ್ರೆ ಸಿಗುತ್ತವೆ. ರಕ್ತ ತೆಳುವಾದವರಿಗೆ ಎರಡೂ ಅಪಾಯ. ಇಂಜೆಕ್ಷನ್ ಜಾಗದಲ್ಲಿ ರಕ್ತ ಕಟ್ಟಿಕೊಳ್ಳುತ್ತದೆ, ನೋವಿನ ಮಾತ್ರೆ ಹೊಟ್ಟೆಯಲ್ಲಿ ರಕ್ತ ಒಸರಿಸಬಹುದು. ಕವಾಟ ಬದಲಾಗಿರುವುದನ್ನು ಯಾವ ವೈದ್ಯರಿಗಾದರೂ ಮೊದಲ ಮಾತಿನಲ್ಲೇ ಹೇಳಬೇಕು, ಹಲ್ಲಿನ ವೈದ್ಯರಿಗಂತೂ ತಪ್ಪದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಇಕ್ಕಟ್ಟಿದೆ. ವಾರ್ಫರಿನ್ ಭ್ರೂಣಕ್ಕೆ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ಕೆಡುಕು ಮಾಡುತ್ತದೆ. ಮಾತ್ರೆ ಬಿಟ್ಟರೆ ತಾಯಿಯ ಕವಾಟಕ್ಕೆ ಹೆಪ್ಪು ಕಟ್ಟಿ ಅದು ಸಿಕ್ಕಿಕೊಳ್ಳಬಹುದು. ಮಗು ಬೇಕೆನ್ನುವವರು ಗರ್ಭ ನಿಲ್ಲುವ ಮುನ್ನವೇ ಹೃದ್ರೋಗ ತಜ್ಞರನ್ನು ಕಾಣಬೇಕು. ಸಂಬಂಧ ತಪ್ಪೀತೆಂದು ಎದೆಯ ಗಾಯವನ್ನು ಮುಚ್ಚಿಟ್ಟು ಮದುವೆ ಮಾಡುವ ಹಿರಿಯರು ಆಕೆಯ ಜೀವವನ್ನೇ ಪಣಕ್ಕಿಡುತ್ತಾರೆ.

ಕವಾಟ ಸಿಕ್ಕಿಕೊಳ್ಳುವುದಕ್ಕೆ ದೊಡ್ಡ ಕಾರಣ ಮಾತ್ರೆ ನಿಂತಿರುವುದು. ಚೆನ್ನಾಗಿದ್ದೇನೆ ಎನಿಸಿದಾಗ, ಮಾತ್ರೆ ಮುಗಿದು ಸಂತೆ ದಿನದವರೆಗೆ ತಡೆದಾಗ ಹೀಗಾಗುತ್ತದೆ. ಟಿಕ್ ಸದ್ದು ಮಂದವಾಗುವುದು, ಇದ್ದಕ್ಕಿದ್ದಂತೆ ಏದುಸಿರು, ಮಾತು ತೊದಲುವುದು, ಒಂದು ಪಕ್ಕದ ಕೈಕಾಲು ಸೋಲುವುದು, ಡಾಂಬರಿನಂತೆ ಕಪ್ಪು ಮಲ, ಬಿಡದ ಜ್ವರ: ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎನ್ನದೆ ಅದೇ ರಾತ್ರಿ 108ಕ್ಕೆ ಕರೆ ಮಾಡಿ, ಐಎನ್‌ಆರ್ ಪುಸ್ತಕ ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಹೊರಡಬೇಕು.