ಸ್ಪ್ರಿಂಕ್ಲರ್ ಎಷ್ಟು ಎತ್ತರ ಬೇಕು?



ಅಡಿಕೆ ಸಸಿ ನೆಟ್ಟಾಗ ಮೊಣಕಾಲೆತ್ತರಕ್ಕೆ ನಿಲ್ಲಿಸಿದ ಸ್ಪ್ರಿಂಕ್ಲರಿಗೆ ಎರಡು-ಮೂರು ವರ್ಷಗಳಲ್ಲಿ ನಡುವಿನ ಬಾಳೆ, ಕೊಕ್ಕೋ ಅಡ್ಡವಾಗುತ್ತವೆ. ನೀರು ಎಲೆಗೆ ಬಡಿದು ಅಲ್ಲೇ ಸುರಿಯುತ್ತದೆ. ಹಿಂದಿನ ಬುಡಗಳು ಒಣಗುತ್ತವೆ. ಬೇಳ, ಕಯ್ಯಾರು ಕಡೆಯ ತೋಟಗಳಲ್ಲಿ ಮಾರ್ಚ್ ಬಂತೆಂದರೆ ಕೆರೆ, ಸುರಂಗದ ನೀರನ್ನು ಅಳೆದು ಬಳಸಬೇಕು. ಹಾಗಾಗಿ ಪೈಪು ಎತ್ತರಿಸುವುದು ಅಗತ್ಯವೇ.

ಒಂದು ಮೀಟರ್ ಎತ್ತರಿಸಿದರೆ ಕಡಿಮೆಯಾಗುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 0.1 ಕಿಲೋ ಮಾತ್ರ. ಸಾಮಾನ್ಯ ಪಂಪಿಗೆ ಅದು ದೊಡ್ಡ ಹೊರೆಯಲ್ಲ. ನಿಜವಾದ ನಷ್ಟ ಗಾಳಿಯಿಂದ, ಪೈಪಿನ ಅಲುಗಾಟದಿಂದ. ಪೈಪು ವಾಲಿದರೆ ಒಂದು ಕಡೆ ಕೆಸರು, ಇನ್ನೊಂದು ಕಡೆ ಧೂಳು. ಜಿ.ಐ. ಪೈಪು ಹಾಕಿ, ಗಟ್ಟಿ ಗೂಟಕ್ಕೆ ಎರಡು ಕಡೆ ಬಿಗಿದು ನೆಟ್ಟಗೆ ನಿಲ್ಲಿಸಿರಿ. ಕೊಕ್ಕೋ ಸೊಪ್ಪಿನಿಂದ ಸ್ವಲ್ಪ ಮೇಲಿದ್ದರೆ ಸಾಕು. ಅದಕ್ಕೂ ಎತ್ತರಕ್ಕೆ ಕಟ್ಟುವವರಿದ್ದಾರೆ. ನೀರು ಬೇಕಾದುದು ಬೇರಿಗೆ, ಸೋಗೆಗಲ್ಲ! ಮುಂಜಾನೆ, ಗಾಳಿ ಏಳುವ ಮೊದಲೇ ನೀರು ಬಿಡಿರಿ.

ಇನ್ನೊಂದು ಮಾತು, ಆರೋಗ್ಯದ್ದು. ಬಿದ್ದ ಅಡಿಕೆ ಹಾಳೆಯಲ್ಲಿ, ಒಡೆದ ಕೊಕ್ಕೋ ಸಿಪ್ಪೆಯಲ್ಲಿ ನಿಂತ ಈ ನೀರಿನಲ್ಲಿ ಬೇಸಿಗೆಯಲ್ಲೂ ಡೆಂಗೀ ಸೊಳ್ಳೆ ಮರಿಯಾಗುತ್ತದೆ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದುದರಿಂದ ಪ್ರತಿ ಶನಿವಾರ ಹಾಳೆಗಳನ್ನು ಹೆಕ್ಕಿ, ನೀರು ಚೆಲ್ಲಿ, ಮಾಡಿನಡಿಗೆ ಸಾಗಿಸಿರಿ. ಸಿಪ್ಪೆಗಳನ್ನು ಮಣ್ಣಿನಡಿ ಹೂಳಿರಿ.